ಉದುರದ ಅಂಜೂರ ಮತ್ತು ಸ್ಪ್ಯಾನಿಷ್ ಅಕಾಡೆಮಿಯ ಉಚಿತ ನಿಘಂಟು

ಬೆಂಗಳೂರಿನಲ್ಲಿ ಕೂತು ಸ್ಪೇನಿನ ಗ್ರಾಹಕರ ಫೋನು ಎತ್ತುವ ಕೆಲಸ ನನ್ನದು. ಬೇಸಿಗೆಯಲ್ಲಿ ಅವರ ಗಡಿಯಾರ ನಮಗಿಂತ ಮೂರೂವರೆ ಗಂಟೆ ಹಿಂದಿರುತ್ತದೆ, ಹಾಗಾಗಿ ಊಟ ಮುಗಿಸಿಕೊಂಡೇ ಶಿಫ್ಟಿಗೆ ಕೂರುತ್ತೇನೆ. ಹೋದ ಜೂನಿನಲ್ಲಿ ವಯಸ್ಸಾದ ಹೆಂಗಸೊಬ್ಬರು ರೀಫಂಡ್ ವಿಚಾರಿಸಲು ಫೋನ್ ಮಾಡಿದ್ದರು. "ಹದಿನೈದು ದಿನ ಹಿಡಿಯುತ್ತೆ ಮೇಡಂ, ಈ ವಾರವೇ ಬಂದರೂ ಬರಬಹುದು" ಅಂದೆ. ಅವರು ಉಸಿರು ಬಿಟ್ಟು, "ನೊ ಕಾಯೆರಾ ಎಸಾ ಬ್ರೆವಾ" ಅಂದರು.

ವರ್ಷದ ಚಂದಾ ಕಟ್ಟಿ ಇಟ್ಟುಕೊಂಡಿದ್ದ ಅನುವಾದದ ಆ್ಯಪ್ "ಆ ಅಂಜೂರ ಬೀಳುವುದಿಲ್ಲ" ಎಂದು ತೋರಿಸಿತು. ವಾಚ್ಯಾರ್ಥಕ್ಕೆ ಅದು ಸರಿಯೇ. ಆದರೆ ಆ ತಾಯಿ ಹೇಳಿದ್ದು "ಅಷ್ಟು ಪುಣ್ಯ ನಾನೆಲ್ಲಿ ಮಾಡಿದೀನಪ್ಪ" ಎಂದು. ನನಗದು ತಿಳಿದದ್ದು ರಾತ್ರಿ ಮನೆಗೆ ಬಂದು ಸ್ಪೇನಿನ ರಾಯಲ್ ಅಕಾಡೆಮಿಯ ನಿಘಂಟು ತೆರೆದಾಗ.

ಇದಕ್ಕೆ ಒಂದು ಪೈಸೆಯನ್ನೂ ಕೊಡಬೇಕಿಲ್ಲ. ಅಕಾಡೆಮಿ ಹುಟ್ಟಿದ್ದು 1713ರಲ್ಲಿ. ನಿಘಂಟಿನ 23ನೇ ಆವೃತ್ತಿ 2014ರಲ್ಲಿ ಬಂತು, ಅದರಲ್ಲಿ 93,111 ನಮೂದುಗಳಿದ್ದವು. ಜಾಲತಾಣದಲ್ಲಿ ಆಮೇಲೂ ತಿದ್ದುಪಡಿಗಳು ಸೇರುತ್ತಲೇ ಇವೆ.

ಒಂದು ಕ್ರಮ ಮೊದಲೇ ಗೊತ್ತಿರಲಿ: ನುಡಿಗಟ್ಟಿನಲ್ಲಿ ನಾಮಪದವಿದ್ದರೆ ಅರ್ಥ ಅದರಡಿಯಲ್ಲೇ ಸಿಗುತ್ತದೆ. ಹಾಗಾಗಿ ನೋಡಬೇಕಾದದ್ದು "ಬ್ರೆವಾ". ಕೆಲವು ಜಾತಿಯ ಅಂಜೂರದ ಮರ ವರ್ಷಕ್ಕೆ ಎರಡು ಸಲ ಹಣ್ಣು ಬಿಡುತ್ತದೆ. ಜೂನಿನ ಹೊತ್ತಿಗೆ ಬರುವ ಮೊದಲ ಫಸಲು ಬ್ರೆವಾ, ಬೇಸಿಗೆ ಮುಗಿಯುವಾಗ ಬರುವುದು ಇಗೊ. ಬ್ರೆವಾ ಗಾತ್ರದಲ್ಲಿ ದೊಡ್ಡದು. ಪದದ ಬೇರು ಲ್ಯಾಟಿನ್ನಿನ "ಬಿಫೆರಾ", ಅಂದರೆ ಎರಡು ಸಲ ಫಲ ಕೊಡುವುದು. ತಾನಾಗಿ ಬಾಯಿಗೆ ಉದುರಲಿ ಎಂದು ಕಾಯುವ ಹಣ್ಣು ಅದು. ಇಷ್ಟು ತಿಳಿದ ಮೇಲೆ ಆ ನಿಟ್ಟುಸಿರು ನನ್ನ ಕಿವಿಯಲ್ಲಿ ಬೇರೆಯಾಗಿ ಕೇಳಿಸಿತು.

ಆಮೇಲೆ "ಕಾಯೆರ್" (ಬೀಳು) ಕ್ರಿಯಾಪದಕ್ಕೆ ಹೋದೆ. ಮೊದಲ ಅರ್ಥ ತೂಕದಿಂದ ಮೇಲಿಂದ ಕೆಳಕ್ಕೆ ಬೀಳುವುದು, ಅದರ ಕೆಳಗೆ ಅರ್ಥಗಳ ಸಾಲು. ನನ್ನ ಕಣ್ಣು ಅರಳಿದ್ದು ಇಲ್ಲಿ. ಹಬ್ಬ ಭಾನುವಾರ "ಕಾಯೆರಾ": ನಾವೂ ಭಾನುವಾರ ಬೀಳುತ್ತೆ ಅಂತೀವಿ. ಸರ್ಕಾರ "ಕಾಯೆರಾ": ಇಲ್ಲೂ ಬೀಳುತ್ತೆ. ಆದರೆ "ತೆ ಕಾಯೆರಾ ಬಿಯೆನ್" ಅಂದರೆ "ನಿನಗೆ ಚೆನ್ನಾಗಿ ಬೀಳುತ್ತಾನೆ" ಅಲ್ಲ, "ಅವನು ನಿನಗೆ ಹಿಡಿಸ್ತಾನೆ". ಕಾಫಿ "ತೆ ಕಾಯೆರಾ ಮಾಲ್" ಅಂದರೆ ಹೊಟ್ಟೆಗೆ ಹಿಡಿಸಲ್ಲ. ಮನುಷ್ಯನಿಗೂ ಕಾಫಿಗೂ ಅವರು ಒಂದೇ ಕ್ರಿಯಾಪದ ಬಳಸುತ್ತಾರೆ, ನಮಗೂ ಎರಡಕ್ಕೂ "ಹಿಡಿಸು" ಇದೆ! ನನ್ನ ನೋಟ್‌ಬುಕ್ಕಿನಲ್ಲಿ ಈಗ "ಕಾಯೆರ್" ಎದುರಿಗೆ ಕನ್ನಡದ ಎರಡು ಕ್ರಿಯಾಪದಗಳಿವೆ.

ಕ್ರಿಯಾಪದದ ಪುಟದಲ್ಲೇ ರೂಪಗಳ ಪಟ್ಟಿಯೂ ಸಿಗುತ್ತದೆ. ಕಾಯೆರೆ, ಕಾಯೆರಾಸ್, ಕಾಯೆರಾ, ಹೀಗೆ ಭವಿಷ್ಯತ್ತಿನ ಎಲ್ಲ ರೂಪಗಳೂ ಒಂದೇ ಕಡೆ ಇವೆ. ಕಾಲ್ ನಡುವೆ ನನ್ನನ್ನು ಎಷ್ಟೋ ಸಲ ಕಾಪಾಡಿದ್ದು ಈ ಪಟ್ಟಿಯೇ.

ಕೊರತೆಗಳೂ ಇವೆ. ಭವಿಷ್ಯತ್ ರೂಪ ಊಹೆಗೂ ಬರುತ್ತದೆಂಬುದು ಆ ಪಟ್ಟಿ ನೋಡಿದರೆ ತಿಳಿಯುವುದಿಲ್ಲ. "ಎಸ್ತಾರಾ ಎನ್ ಕಾಸಾ" ಅಂದರೆ ನಾಳೆಯ ಮಾತಾಗಬೇಕಿಲ್ಲ. ನಾವು "ಈಗ ಮನೇಲಿರ್ತಾಳೆ ನೋಡು" ಅನ್ನುತ್ತೇವಲ್ಲ, ಅದೇ. ಇದರ ವಿವರಣೆಗೆ ಅಕಾಡೆಮಿಯ 2009ರ ವ್ಯಾಕರಣ ನೋಡಬೇಕು. ಉಚ್ಚಾರಣೆ ಕೇಳುವ ಸೌಲಭ್ಯವೂ ಇಲ್ಲ. ಕಾಯೆರಾದಲ್ಲಿ ಒತ್ತು ಕೊನೆಗೆ ಬೀಳಬೇಕೆಂದು ಅಕ್ಷರದ ಮೇಲಿನ ಗೆರೆ ನೋಡಿಯೇ ತಿಳಿಯಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ವಿವರಣೆಯೆಲ್ಲ ಸ್ಪ್ಯಾನಿಷ್‌ನಲ್ಲೇ ಇರುವುದರಿಂದ ಈಗಷ್ಟೇ ಕಲಿಯಲು ಶುರು ಮಾಡಿದವರಿಗೆ ಇದು ಕಬ್ಬಿಣದ ಕಡಲೆ. ಅವರು ಒಂದು ವರ್ಷ ಬೇರೆ ಪುಸ್ತಕ ಹಿಡಿದು, ಆಮೇಲೆ ಇದಕ್ಕೆ ಬರಲಿ.

ಆ್ಯಪಿನ ಚಂದಾ ನಾನು ಮತ್ತೆ ಕಟ್ಟಲಿಲ್ಲ. ಐದರಲ್ಲಿ ನಾಲ್ಕೂವರೆ ಕೊಡುತ್ತೇನೆ, ಅರ್ಧ ಕಡಿಮೆ ಮಾಡಿದ್ದು ಧ್ವನಿ ಇಲ್ಲದ್ದಕ್ಕೆ.