ಡೆಟಾಲ್, ಬ್ರೇಕ್ ಆಯಿಲ್, ಐಪಿಎ: ಇಂಜಿನ್ ಶೆಲ್ ಪೇಂಟ್ ಕೀಳೋಕೆ ಮೂರೂ ಹಾಕಿ ನೋಡಿದೆ

ಸೆಕೆಂಡ್ ಹ್ಯಾಂಡಲ್ಲಿ ಮಾಡೆಲ್ ರೈಲಿನ ಮೂರು ಡೀಸೆಲ್ ಇಂಜಿನ್ ಶೆಲ್, ಅಂದ್ರೆ ಮೇಲಿನ ಪ್ಲಾಸ್ಟಿಕ್ ಕವಚ, ಸಿಕ್ಕಿದ್ವು. ಎಚ್‌ಒ ಸೈಜು, ಅಂದ್ರೆ ನಿಜವಾದ ಇಂಜಿನ್ನಿನ 87ರಲ್ಲಿ ಒಂದು ಪಾಲು. ಎಲ್ಲಾ ಅಮೆರಿಕದ ರೈಲುಗಳ ಬಣ್ಣ, ನಂಗೆ ಬೇರೆ ಬಣ್ಣ ಹೊಡೀಬೇಕಿತ್ತು. ಹಳೇ ಪೇಂಟ್ ಮೇಲೇ ಹೊಡ್ದ್ರೆ ಆಗಲ್ವಾ ಅಂತ ಮನೇಲಿ ಕೇಳಿದ್ರು. ಆಗುತ್ತೆ, ಆದ್ರೆ ಗ್ರಿಲ್ಲು, ರಿವೆಟ್ಟು ಎಲ್ಲಾ ಮುಚ್ಕೊಂಡು ಇಂಜಿನ್ ಹೋಗಿ ಸೋಪ್ ಡಬ್ಬಿ ಆಗುತ್ತೆ. ಮೈಸೂರಿನ ಕೆಆರ್‌ಎಸ್ ರೋಡಿನ ರೈಲ್ ಮ್ಯೂಸಿಯಮ್ಮಲ್ಲಿ ಹಳೇ ಇಂಜಿನ್ ಪಕ್ಕ ನಿಂತು ನೋಡಿ, ರಿವೆಟ್ ಇಲ್ದೆ ಅದಕ್ಕೆ ಮುಖಾನೇ ಇಲ್ಲ.

ಮೊದಲ್ನೇದಕ್ಕೆ ಡೆಟಾಲ್, ನೀರು ಬೆರೆಸದೆ ರಾತ್ರಿಯೆಲ್ಲಾ ನೆನೆಸಿದೆ. ಬೆಳಿಗ್ಗೆ ಪೇಂಟು ಹಾಲಿನ ಕೆನೆ ಥರ ಸುಕ್ಕುಗಟ್ಟಿತ್ತು, ಖುಷಿಯಾಗಿ ಸೀದಾ ನಲ್ಲಿ ಕೆಳಗೆ ಹಿಡ್ದೆ ನೋಡಿ, ಅದೇ ತಪ್ಪು. ನೀರು ತಾಗಿದ್ದೇ ತಡ ಎಲ್ಲಾ ಬೆಳ್ಳಗಾಗಿ ಹಲಸಿನ ಮೇಣದ ಥರ ಅಂಟಂಟು, ಬ್ರಶ್ಶೂ ಹೋಯ್ತು, ಗ್ರಿಲ್ಲಿಂದ ಹಲ್ಲುಕಡ್ಡೀಲಿ ಕೆರೆದು ತೆಗೀಬೇಕಾಯ್ತು. ಮಾಡ್ಬೇಕಾಗಿದ್ದು ಹೀಗೆ: ಡೆಟಾಲಲ್ಲೇ ಉಜ್ಜಿ, ಡೆಟಾಲಲ್ಲೇ ಒಂದ್ಸಲ ಜಾಲಾಡಿ, ಆಮೇಲೆ ಸೋಪ್ ನೀರು. ಅಜ್ಜಿ ಅಂತೂ ಯಾರಿಗೇನ್ ಗಾಯ ಆಯ್ತೋ ಅಂತ ಮನೆಯೆಲ್ಲಾ ಹುಡುಕಿದ್ರು.

ಎರಡ್ನೇದಕ್ಕೆ ಬ್ರೇಕ್ ಆಯಿಲ್, ಡಾಟ್ 3. ಡಾಟ್ 5 ತರ್ಬೇಡಿ, ಅದು ಸಿಲಿಕೋನ್, ಪೇಂಟನ್ನ ಮುಟ್ಟೋದೂ ಇಲ್ಲ. ಡಾಟ್ 3 ಮಾತ್ರ ರಾಕ್ಷಸ, ಮಾರನೇ ದಿನ ಬಣ್ಣ ಸಿಪ್ಪೆ ಸುಲಿದಂಗೆ ಬಂತು. ಆದ್ರೆ ಬ್ರಶ್ ಹಾಕ್ತಾ ಹಾಕ್ತಾ ಮೆಟ್ಟಿಲಿನ ತೆಳು ತುಂಡು ಲಟಕ್ ಅಂತು, ಪ್ಲಾಸ್ಟಿಕ್ ಪೆಡಸಾಗಿತ್ತೇನೋ. ಅದೂ ಸಾಲ್ದು ಅಂತ ಎರಡು ಹನಿ ಅಪ್ಪನ ಸ್ಕೂಟರ್ ಮೇಲೆ ಬಿದ್ದು ಅಲ್ಲೂ ಪೇಂಟ್ ಗುಳ್ಳೆ ಎದ್ದಿದೆ, ಅವರಿನ್ನೂ ನೋಡಿಲ್ಲ.

ಮೂರ್ನೇದು ಐಪಿಎ, ಅಂದ್ರೆ ಐಸೋಪ್ರೊಪೈಲ್ ಆಲ್ಕೋಹಾಲು, 99 ಪರ್ಸೆಂಟಿಂದು. ಮನೇಲಿ ಉಳಿದಿದ್ದ 70 ಪರ್ಸೆಂಟ್ ಸ್ಯಾನಿಟೈಸರ್ ಮೊದ್ಲು ಟ್ರೈ ಮಾಡಿದ್ದೆ, ಹೊಳಪು ಹೋಯ್ತು ಅಷ್ಟೇ. 99ರಲ್ಲಿ ಮುಚ್ಚಳ ಬಿಗಿಯಾಗಿರೋ ಡಬ್ಬೀಲಿ ಇಟ್ರೆ ಎರಡೇ ಗಂಟೇಲಿ ನಂಬರ್ ಅಳಿಸಿಹೋಯ್ತು, ಹಳದಿ ಪಟ್ಟೆ ಮಾತ್ರ ಹಠ ಹಿಡ್ದು ಬೆಳಿಗ್ಗೆವರೆಗೂ ಕಾಯಿಸ್ತು. ಮೆತ್ತನೆ ಬ್ರಶ್ಶಲ್ಲಿ ಉಜ್ಜಿದಾಗ ಒಂದೊಂದೇ ರಿವೆಟ್ ಬೂದು ಪ್ಲಾಸ್ಟಿಕ್ಕಲ್ಲಿ ಸಾಸಿವೆ ಕಾಳಿನಂಗೆ ಎದ್ದು ಬಂತು. ಸೋಸಿ ಇಟ್ಕೊಂಡ್ರೆ ಅದೇ ದ್ರವ ಮತ್ತೆ ಬಳಸ್ಬೋದು. ಗ್ಯಾಸ್ ಒಲೆ ಹತ್ರ ಮಾತ್ರ ಬೇಡ, ಧಗ್ ಅನ್ನುತ್ತೆ. ಶೆಲ್ಲಿನ ಕಿಟಕಿ ಗಾಜಿನ ಪೀಸು ನೆನೆಸೋಕೆ ಮೊದ್ಲೇ ಬಿಚ್ಚಿಡಿ.

ಪೇಂಟ್ ಅಂಗಡಿಯವ್ರು ಥಿನ್ನರ್ ಹಾಕಿ ಅಂದ್ರು. ಒಂದು ಚೂರು ವೇಸ್ಟ್ ಪ್ಲಾಸ್ಟಿಕ್ ಅದ್ದಿ ನೋಡ್ದೆ, ಚೂಯಿಂಗ್ ಗಮ್ ಆಯ್ತು.

ಇನ್ಮುಂದೆ ನಂದು ಐಪಿಎನೇ, ಅದಕ್ಕೂ ಜಗ್ಗದಿದ್ರೆ ಮಾತ್ರ ಬ್ರೇಕ್ ಆಯಿಲ್, ಅದೂ ಸ್ಕೂಟರಿಂದ ದೂರ. ಡೆಟಾಲ್ ಶೆಲ್ ಮೂರು ಸಲ ತೊಳೆದ್ರೂ ಇನ್ನೂ ಆಸ್ಪತ್ರೆ ವಾಸನೆ, ಪ್ರೈಮರ್ ಹೊಡೆಯೋಕೆ ಧೈರ್ಯ ಬಂದಿಲ್ಲ.