ಟ್ರಾನ್ಸ್‌ಕ್ರಿಬಸ್: ಕೈಬರಹ ಓದುವ ತಂತ್ರಾಂಶದ ಪರಿಶೀಲನೆ

ಅಚ್ಚಾದ ಪುಟದ ಸ್ಕ್ಯಾನ್ ಪ್ರತಿಯನ್ನು ಪಠ್ಯವಾಗಿಸಲು ಟೆಸರಾಕ್ಟ್‌ನಂತಹ ಉಚಿತ ತಂತ್ರಾಂಶ ಸಾಕು. ಆದರೆ ಅಚ್ಚಿಗಾಗಿಯೇ ರೂಪುಗೊಂಡ ಅದಕ್ಕೆ ಕೈಬರಹ ಕೊಟ್ಟರೆ ಬರುವುದು ಬಹುಮಟ್ಟಿಗೆ ಅರ್ಥವಿಲ್ಲದ ಅಕ್ಷರರಾಶಿ. ಟ್ರಾನ್ಸ್‌ಕ್ರಿಬಸ್ ಕೈಬರಹವನ್ನೇ ಮುಖ್ಯವಾಗಿಟ್ಟುಕೊಂಡು ಸಿದ್ಧವಾದದ್ದು. ಐರೋಪ್ಯ ಒಕ್ಕೂಟದ ನೆರವಿನ ಸಂಶೋಧನಾ ಯೋಜನೆಗಳ ಫಲವಾಗಿ ಆಸ್ಟ್ರಿಯದ ಇನ್ಸ್‌ಬ್ರುಕ್ ವಿಶ್ವವಿದ್ಯಾಲಯದಲ್ಲಿ ಬೆಳೆದ ಇದನ್ನು 2019ರಲ್ಲಿ ಸ್ಥಾಪನೆಯಾದ ರೀಡ್-ಕೋಆಪ್ ಎಂಬ ಸಹಕಾರ ಸಂಸ್ಥೆ ನಡೆಸುತ್ತಿದೆ.

ಕೂಡಿಸಿ ಬರೆದ ಬರಹದಲ್ಲಿ ಒಂದು ಅಕ್ಷರ ಎಲ್ಲಿ ಮುಗಿದು ಮುಂದಿನದು ಎಲ್ಲಿ ಶುರುವಾಯಿತೆಂದು ಹೇಳುವುದು ಕಷ್ಟವಾದ್ದರಿಂದ, ಈ ತಂತ್ರಾಂಶ ಪುಟದ ಸಾಲುಗಳನ್ನು ಗುರುತಿಸಿ, ಪ್ರತಿ ಸಾಲಿನ ಬುಡಕ್ಕೊಂದು ಗೆರೆ ಎಳೆದುಕೊಂಡು, ಇಡೀ ಸಾಲನ್ನು ಒಂದೇ ಚಿತ್ರವಾಗಿ ನರಜಾಲಕ್ಕೆ (ಉದಾಹರಣೆಗಳಿಂದ ಕಲಿತು ಗುರುತಿಸುವ ಗಣಕ ವ್ಯವಸ್ಥೆಗೆ) ಒಪ್ಪಿಸುತ್ತದೆ. ಫಲಿತಾಂಶದ ಅರ್ಧ ಭವಿಷ್ಯ ಇಲ್ಲಿಯೇ ನಿರ್ಧಾರವಾಗುತ್ತದೆ ಎನ್ನಬಹುದು. ಅಂಚಿನ ಟಿಪ್ಪಣಿ, ಸಾಲುಗಳ ನಡುವೆ ತುರುಕಿದ ಪದ, ಕೆಳಗಿನ ಸಾಲಿಗೆ ತಾಗುವ ಒತ್ತಕ್ಷರ, ಇವೆಲ್ಲ ಗೆರೆ ತಪ್ಪುವ ಜಾಗಗಳು. ಪಠ್ಯ ತಿದ್ದುವ ಮೊದಲು ಗೆರೆಗಳನ್ನು ತಿದ್ದುವುದೇ ಜಾಣತನ.

ಸಿದ್ಧ ಮಾದರಿಗಳು, ಅಂದರೆ ಒಂದು ಬಗೆಯ ಬರಹವನ್ನು ಓದಲು ಮೊದಲೇ ಕಲಿತಿರುವ ನರಜಾಲಗಳು, ಹೆಚ್ಚಾಗಿ ಐರೋಪ್ಯ ಭಾಷೆಗಳವು. ಬೇರೆ ಲಿಪಿಗೆ ಅಥವಾ ವಿಚಿತ್ರವಾದ ಕೈಬರಹಕ್ಕೆ ನಾವೇ ಮಾದರಿಯನ್ನು ಕಲಿಸಬೇಕು. ಅದಕ್ಕೆ ಸುಮಾರು 5,000ದಿಂದ 15,000 ಪದಗಳಷ್ಟು ಬರಹವನ್ನು ಸಾಲಿಗೆ ಸಾಲು ಹೊಂದಿಸಿ ಟೈಪು ಮಾಡಿಕೊಡಬೇಕಾಗುತ್ತದೆ. ಹತ್ತಾರು ಪುಟಗಳ ಕಾಗದಪತ್ರ ಇರುವವರಿಗೆ ಇದು ಲಾಭದ ಕೆಲಸವಲ್ಲ, ಅಷ್ಟರಲ್ಲಿ ಎಲ್ಲವನ್ನೂ ಕೈಯಾರೆ ಟೈಪು ಮಾಡಿ ಮುಗಿಸಬಹುದು. ಒಬ್ಬರದೇ ಕೈಯ ಸಾವಿರಾರು ಪುಟಗಳಿದ್ದರೆ ಮಾತ್ರ ಪಟ್ಟ ಶ್ರಮ ಸಾರ್ಥಕ.

ನಿಖರತೆಯನ್ನು ಅಕ್ಷರದೋಷದ ಪ್ರಮಾಣದಲ್ಲಿ ಅಳೆಯುತ್ತಾರೆ. ಶೇ. 5 ಎಂದರೆ ಕೇಳಲು ಚೆನ್ನ, ಆದರೆ 2,000 ಅಕ್ಷರಗಳ ಪುಟದಲ್ಲಿ ಅದು 100 ತಪ್ಪು. ಹೆಚ್ಚು ಅಪಾಯಕಾರಿಯಾದವು ಕಣ್ಣಿಗೆ ಬೀಳದ ತಪ್ಪುಗಳು: 1815 ಎಂಬುದು 1875 ಆದರೆ ಲೆಕ್ಕಕ್ಕೆ ಒಂದೇ ಅಕ್ಷರದ ದೋಷ, ದಾಖಲೆಯಲ್ಲಿ ಮಾತ್ರ 60 ವರ್ಷಗಳ ವ್ಯತ್ಯಾಸ. ಹೆಸರು, ಇಸವಿ, ಮೊತ್ತಗಳನ್ನು ಮೂಲದೊಡನೆ ಹೋಲಿಸದೆ ಉಲ್ಲೇಖಿಸಬಾರದು. ಹುಡುಕಾಟಕ್ಕಾಗಿ ಮಾತ್ರ ಪಠ್ಯ ಬೇಕಾದವರು ಇಷ್ಟು ಕಟ್ಟುನಿಟ್ಟಾಗಿರಬೇಕಿಲ್ಲ.

ಬಳಕೆ ಹೆಚ್ಚಾದಂತೆ ಪುಟಗಳನ್ನು ಓದಿಸಲು ಬೇಕಾದ ಕ್ರೆಡಿಟ್‌ಗಳನ್ನು ಹಣ ತೆತ್ತು ಕೊಳ್ಳಬೇಕು. ಗುರುತಿಸುವ ಕೆಲಸ ನಡೆಯುವುದು ಸಂಸ್ಥೆಯ ಸರ್ವರ್‌ನಲ್ಲಿ. ಆದ್ದರಿಂದ ಗೋಪ್ಯ ಕಡತಗಳನ್ನು ಏರಿಸುವ ಮುನ್ನ ಅವುಗಳ ಒಡೆಯರ ಒಪ್ಪಿಗೆ ಪಡೆಯುವುದು ಅಗತ್ಯ.