ನೆಗ್ಗಿನಮುಳ್ಳಿಗೆ 2,4-ಡಿ: ಒಂದು ಗುಂಟೆ ಹುಲ್ಲಿನ ಮೇಲೆ ಎರಡು ಮುಂಗಾರು

ರಾಯಚೂರಿನ ಹೊರವಲಯದಲ್ಲಿರುವ ನಮ್ಮ ಮನೆಯ ಮುಂದೆ ಸುಮಾರು ಒಂದು ಗುಂಟೆಯಷ್ಟು ಕರಿಕೆ ಹುಲ್ಲುಹಾಸು ಇದೆ. ಕಾಂಪೌಂಡಿನ ಆಚೆ ಹತ್ತಿ ಹೊಲ. ಸಂಜೆ ಬರಿಗಾಲಲ್ಲಿ ಅಡ್ಡಾಡಲೆಂದೇ ಬೆಳೆಸಿದ ಆ ಜಾಗದಲ್ಲಿ ಮೂರು ವರ್ಷಗಳ ಹಿಂದೆ ನೆಗ್ಗಿನಮುಳ್ಳು ಹೊಕ್ಕಿತು. ಮಗನ ಸೈಕಲ್ಲಿಗೆ ಒಂದೇ ತಿಂಗಳಲ್ಲಿ ನಾಲ್ಕು ಪಂಕ್ಚರ್ ಆದ ಮೇಲೆ ನಾನು ಕಳೆನಾಶಕದ ಮೊರೆಹೊಕ್ಕೆ. ಎರಡು ಮುಂಗಾರು ಬಳಸಿ ನೋಡಿದ 2,4-ಡಿ ಅಮೈನ್ ಸಾಲ್ಟ್, 58 ಪ್ರತಿಶತ ಎಸ್‌ಎಲ್ (ನೀರಿನಲ್ಲಿ ಕರಗುವ ದ್ರವ) ಎಂಬ ಔಷಧಿಯ ಕುರಿತು ಈ ವಿಮರ್ಶೆ. ಇದನ್ನು ಹಲವು ಕಂಪನಿಗಳು ಬೇರೆ ಬೇರೆ ಹೆಸರಿನಲ್ಲಿ ಮಾರುವುದರಿಂದ ಬ್ರ್ಯಾಂಡಿನ ಹೆಸರು ಇಲ್ಲಿ ಮುಖ್ಯವಲ್ಲ.

ಔಷಧಿಗಿಂತ ಮೊದಲು ಗಿಡದ ಗುರುತು ಸಿಗಬೇಕು. ನೆಗ್ಗಿಲು ಎದ್ದು ನಿಲ್ಲುವ ಗಿಡವಲ್ಲ. ಒಂದೇ ತಾಯಿಬೇರಿನಿಂದ ನಾಲ್ಕೂ ಕಡೆಗೆ ನೆಲಕ್ಕಂಟಿ ಹರಡುತ್ತದೆ. ಎಲೆ ದೂರಕ್ಕೆ ಕಡಲೆ ಗಿಡದ ಎಲೆಯಂತೆಯೇ ಕಾಣುತ್ತದೆಯಾದರೂ, ಕಡಲೆಯ ಎಲೆಯಂಚಿನಲ್ಲಿರುವ ಗರಗಸದಂತಹ ಹಲ್ಲು ಇದಕ್ಕಿಲ್ಲ, ಮೇಲಾಗಿ ಗೆಣ್ಣಿನಲ್ಲಿ ಎದುರುಬದುರಾಗಿ ಹುಟ್ಟುವ ಎರಡು ಎಲೆಗಳಲ್ಲಿ ಒಂದು ದೊಡ್ಡದು, ಇನ್ನೊಂದು ಚಿಕ್ಕದು. ಐದು ಎಸಳಿನ ಹಳದಿ ಹೂವು ಬೆಳಿಗ್ಗೆ ಅರಳುತ್ತದೆ. ಕಾಯಿ ಒಣಗಿದಾಗ ಐದು ಹೋಳಾಗಿ ಒಡೆಯುತ್ತದೆ, ಪ್ರತಿ ಹೋಳಿಗೂ ಎರಡು ದೊಡ್ಡ ಮುಳ್ಳು, ಮತ್ತೆರಡು ಸಣ್ಣವು. ಅದು ಹೇಗೆ ಬಿದ್ದರೂ ಒಂದು ಮುಳ್ಳು ಮೇಲ್ಮುಖವಾಗಿಯೇ ಇರುತ್ತದೆ. ಆಯುರ್ವೇದದಲ್ಲಿ ಗೋಕ್ಷುರ ಎನ್ನುವುದು ಇದನ್ನೇ, ಉರಿಮೂತ್ರಕ್ಕೆ ಇದರ ಕಷಾಯ ಕುಡಿಸುವ ಹಿರಿಯರು ನಮ್ಮ ಓಣಿಯಲ್ಲಿ ಇಂದಿಗೂ ಇದ್ದಾರೆ. ಆದ್ದರಿಂದ ಔಷಧಿ ಹೊಡೆದ ಜಾಗದ ಗಿಡವನ್ನು ಯಾರೂ ಕಿತ್ತೊಯ್ಯದಂತೆ ಮನೆಮಂದಿಗೆ ಮೊದಲೇ ಹೇಳಿಡಬೇಕಾಗುತ್ತದೆ.

ಮೊದಲ ವರ್ಷ ನಾನು ಮಾಡಿದ ತಪ್ಪು, ಅಂಗಡಿಗೆ ಹೋಗಿ ಬರೀ ‘ಕಳೆ ಔಷಧಿ’ ಎಂದು ಕೇಳಿದ್ದು. ಊರಿನ ಒಂದು ಕೃಷಿ ಪರಿಕರಗಳ ಅಂಗಡಿಯವರು, ಎಲ್ಲಿಗೆ, ಯಾವ ಕಳೆಗೆ ಎಂದು ಒಂದು ಮಾತೂ ಕೇಳದೆ ಗ್ಲೈಫೊಸೇಟ್ ಕೊಟ್ಟರು. ಅದು ಹಸಿರಾದ ಎಲ್ಲವನ್ನೂ ಕೊಲ್ಲುವಂಥದ್ದು. ಅದೃಷ್ಟಕ್ಕೆ ಮೂಲೆಯಲ್ಲಿ ಚಾಪೆಯಗಲದ ಜಾಗಕ್ಕೆ ಮಾತ್ರ ಹೊಡೆದು ನೋಡಿದ್ದೆ. ಎರಡು ವಾರದೊಳಗೆ ಅಲ್ಲಿ ನೆಗ್ಗಿಲೂ ಹೋಯಿತು, ಕರಿಕೆಯೂ ಹೋಯಿತು, ಮುಂದಿನ ಮಳೆಗೆ ಆ ಬೋಳು ನೆಲದಲ್ಲಿ ಮತ್ತೆ ಮೊದಲು ಹುಟ್ಟಿದ್ದು ನೆಗ್ಗಿಲೇ.

2,4-ಡಿ ಹಾಗಲ್ಲ. ಸಸ್ಯದಲ್ಲಿ ಸಹಜವಾಗಿರುವ ಆಕ್ಸಿನ್ ಎಂಬ ಬೆಳವಣಿಗೆಯ ಹಾರ್ಮೋನನ್ನು ಇದು ಅಣಕಿಸುತ್ತದೆ. ಅಗಲೆಲೆಯ ಗಿಡ ಹಿಡಿತ ತಪ್ಪಿ ಬೆಳೆದು ಸಾಯುತ್ತದೆ, ಹುಲ್ಲಿನ ಜಾತಿ ಬಹುಮಟ್ಟಿಗೆ ಅರಗಿಸಿಕೊಳ್ಳುತ್ತದೆ. ನನ್ನ ಸೀಸೆಯ ಹಾಳೆಯಲ್ಲಿ ಜೋಳ, ಮೆಕ್ಕೆಜೋಳ, ಗೋಧಿ, ಕಬ್ಬಿನ ಹೆಸರಿದ್ದವೇ ಹೊರತು ಹುಲ್ಲುಹಾಸಿನ ಸುದ್ದಿ ಇರಲಿಲ್ಲ. ಆ ಲೆಕ್ಕವನ್ನೇ ಗುಂಟೆಗೆ ಇಳಿಸಿ, ಲೀಟರ್ ನೀರಿಗೆ 2 ಮಿಲಿಯಂತೆ 5 ಲೀಟರಿಗೆ 10 ಮಿಲಿ ಬೆರೆಸಿದೆ. ಇಲ್ಲಿ ನಮ್ಮೂರಿಗೇ ಸಂಬಂಧಪಟ್ಟ ಒಂದು ತೊಡಕು ಎದುರಾಯಿತು. ನಮ್ಮ ಬೋರ್‌ವೆಲ್ ನೀರು ಗಡಸು. ಅದರಲ್ಲಿ ಬೆರೆಸಿದ ಕೆಲವು ನಿಮಿಷಗಳಲ್ಲೇ ಬಕೆಟ್ಟಿನ ತಳದಲ್ಲಿ ಸುಣ್ಣದಂತಹ ಬಿಳಿ ಗಸಿ ಕೂತು, ಪಂಪಿನ ನಾಜಲ್ ಎರಡು ಸಲ ಕಟ್ಟಿತು. ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಈ ಔಷಧಿಯೊಂದಿಗೆ ಕೂಡಿಕೊಂಡು ಅದರ ಬಲ ಕುಗ್ಗಿಸುತ್ತವೆ. ಎರಡನೆಯ ಸಲ ಮಾಳಿಗೆಯಿಂದ ಹಿಡಿದಿಟ್ಟ ಮಳೆನೀರಿನಲ್ಲಿ ಬೆರೆಸಿದೆ. ಗಸಿಯೂ ಇಲ್ಲ, ತಕರಾರೂ ಇಲ್ಲ.

ಮುಂಗಾರಿನ ಮೊದಲ ಮಳೆಯಾಗಿ ಎರಡು ವಾರಕ್ಕೆ, ಗಿಡಗಳು ಅಂಗೈಯಗಲ ಇರುವಾಗ, ಬೆಳಿಗ್ಗೆ ಆರೂವರೆಗೆ ಹೊಡೆದದ್ದರ ಫಲ ಮೆಚ್ಚುವಂಥದ್ದು. ಮರುದಿನವೇ ನೆಲಕ್ಕಂಟಿದ್ದ ಕುಡಿಗಳು ತಲೆಯೆತ್ತಿ ಹಗ್ಗ ಹೊಸೆದಂತೆ ತಿರುಚಿಕೊಂಡವು. ನಾಲ್ಕನೆಯ ದಿನ ಕಾಂಡ ಕೆಂಪಗಾಗಿ ಅಲ್ಲಲ್ಲಿ ಬಾತುಕೊಂಡಿತು, ಎರಡನೆಯ ವಾರದ ಕೊನೆಗೆ ಬೇರುಸಮೇತ ಒಣಗಿ ಎರಡು ಬೆರಳಿಗೆ ಕಿತ್ತುಬಂದವು. ಕರಿಕೆ ನಾಲ್ಕು ದಿನ ಸ್ವಲ್ಪ ಹಳದಿಗೆ ತಿರುಗಿ ಮತ್ತೆ ಚೇತರಿಸಿಕೊಂಡಿತು. ಜೊತೆಗಿದ್ದ ಅಚ್ಚೆಗಿಡವೂ ಹೋಯಿತು. ಜೇಕು ಮಾತ್ರ ನಿಂತಲ್ಲೇ ನಿಂತಿತ್ತು, ಅದು ಅಗಲೆಲೆಯ ಕಳೆಯಲ್ಲವಾದ್ದರಿಂದ ಅದಕ್ಕಾಗಿ ಈ ಔಷಧಿಯನ್ನು ದೂರುವಂತಿಲ್ಲ.

ಆದರೆ ಕಾಯಿ ಕಟ್ಟಿದ ಗಿಡದ ಮುಂದೆ ಈ ಸೀಸೆ ಸೋಲುತ್ತದೆ. ನೆಗ್ಗಿಲು ಮೊಳೆತ ಮೂರ್ನಾಲ್ಕು ವಾರಕ್ಕೆ ಹೂ ಬಿಡುತ್ತದೆ, ಹೂವಾಗಿ ಹೆಚ್ಚು ದಿನ ಕಳೆಯುವುದರೊಳಗೆ ಮುಳ್ಳುಕಾಯಿ ಸಿದ್ಧ. ಎರಡನೆಯ ಮುಂಗಾರಿನಲ್ಲಿ ಊರಲ್ಲಿಲ್ಲದ ಕಾರಣ ನಾನು ತಡಮಾಡಿದೆ. ಗಿಡ ಸತ್ತಿತು, ಮುಳ್ಳು ಮಾತ್ರ ಹುಲ್ಲಿನ ಸಂದಿಯಲ್ಲಿ ಹಾಗೆಯೇ ಉಳಿಯಿತು. ಒಣಗಿ ಗಟ್ಟಿಯಾದ ಮುಳ್ಳು ಹಸಿಯದಕ್ಕಿಂತ ಕೆಟ್ಟದ್ದು, ಅದರೊಳಗಿನ ಬೀಜ ಕೆಲವು ವರ್ಷ ಮಣ್ಣಿನಲ್ಲಿ ಸುಮ್ಮನೆ ಮಲಗಿದ್ದು ಮೊಳೆಯಬಲ್ಲದು. ಕೊನೆಗೆ ಹಳೆಯ ಹವಾಯಿ ಚಪ್ಪಲಿ ಮೆಟ್ಟಿಕೊಂಡು ಇಡೀ ಹುಲ್ಲುಹಾಸನ್ನು ಸಾಲು ಹಿಡಿದು ತುಳಿದೆ. ಒಂದು ಸುತ್ತು ಮುಗಿಸಿ ಕಟ್ಟೆಯ ಮೇಲೆ ಕೂತು, ಇಕ್ಕಳದಿಂದ ಬಲಗಾಲಿನ ಚಪ್ಪಲಿಯೊಂದರಿಂದಲೇ 31 ಮುಳ್ಳು ಕಿತ್ತೆ. ಯಾವ ಔಷಧಿಯೂ ಮಾಡದ ಕೆಲಸವನ್ನು ಸವೆದ ಚಪ್ಪಲಿ ಮಾಡಿತು.

ರಾಯಚೂರಿನಲ್ಲಿ ಈ ಔಷಧಿ ಕೊಳ್ಳುವವರು ಎಲ್ಲಕ್ಕಿಂತ ಹೆಚ್ಚಾಗಿ ಯೋಚಿಸಬೇಕಾದದ್ದು ಹತ್ತಿಯ ಬಗ್ಗೆ. 2,4-ಡಿಗೆ ಹತ್ತಿಯಷ್ಟು ಬೇಗ ನಲುಗುವ ಬೆಳೆ ಅಪರೂಪ. ಗಾಳಿಯಲ್ಲಿ ತೇಲಿಹೋದ ಅತ್ಯಲ್ಪ ಪ್ರಮಾಣಕ್ಕೂ ಅದರ ಹೊಸ ಎಲೆಗಳು ಬೆರಳಿನಂತೆ ಕಿರಿದಾಗಿ ಸೊಟ್ಟಗಾಗುತ್ತವೆ. ಅಮೈನ್ ಸಾಲ್ಟ್‌ಗಿಂತ ಎಸ್ಟರ್ ರೂಪದ ಔಷಧಿ ಹೆಚ್ಚು ಆವಿಯಾಗುವುದರಿಂದ, ಅಂಗಡಿಯವರು ಎರಡೂ ಒಂದೇ ಎಂದರೂ ಎಸ್ಟರನ್ನು ಮನೆಯಂಗಳಕ್ಕೆ ತರಬಾರದು. ಜೂನ್, ಜುಲೈನಲ್ಲಿ ನಮ್ಮ ಕಡೆ ಬೀಸುವ ಗಾಳಿ ಎಲ್ಲರಿಗೂ ಗೊತ್ತಿರುವುದೇ. ಕಳೆ ಸಾಯಿಸಲು ಸೂಕ್ತವಾದ ದಿನಗಳಲ್ಲೇ ನೆರೆಯವರ ಹತ್ತಿಯೂ ಮೊಳಕೆಯೊಡೆದು ಎಲೆ ಬಿಡುತ್ತಿರುತ್ತದೆ. ಗಾಳಿ ನಿಂತಿರುವ ಬೆಳಗಿನ ಒಂದು ತಾಸು ಬಿಟ್ಟರೆ ಉಳಿದ ಹೊತ್ತು ನಾನು ಪಂಪು ಮುಟ್ಟಲಿಲ್ಲ, ಹೊಲದ ಬದಿಯ ಎರಡು ಮಾರು ಜಾಗಕ್ಕೆ ಔಷಧಿಯನ್ನೇ ಹೊಡೆಯಲಿಲ್ಲ. ಪಂಪಿನ ವಿಷಯದಲ್ಲಿ ಮಾತ್ರ ಎಡವಿದೆ: ಎರಡು ಸಲ ತೊಳೆದರೆ ಸಾಕೆಂದು ಭಾವಿಸಿ ಅದರಿಂದಲೇ ಕುಂಡದ ಟೊಮ್ಯಾಟೊಗೆ ಬೇವಿನೆಣ್ಣೆ ಹೊಡೆದೆ, ಮೂರು ದಿನಕ್ಕೆ ಐದೂ ಗಿಡ ಮುದುಡಿಕೊಂಡವು. ಈ ಔಷಧಿಗೆ ಪ್ರತ್ಯೇಕ ಕೈಪಂಪು ಬೇಕೇ ಬೇಕು, ಅದರ ಖರ್ಚನ್ನೂ ಬೆಲೆಯಲ್ಲಿ ಸೇರಿಸಿಕೊಳ್ಳಿ. ಕನ್ನಡಕ, ಕೈಗವಸು ತಪ್ಪಿಸಬೇಡಿ. ಅಮೈನ್ ಸಾಲ್ಟ್ ಕಣ್ಣಿಗೆ ಬಿದ್ದರೆ ಗಂಭೀರ ಹಾನಿಯಾಗುತ್ತದೆ.

ಅರ್ಧ ಲೀಟರಿನ ಸೀಸೆಗೆ ನಾನು ಕೊಟ್ಟದ್ದು 250 ರೂಪಾಯಿ. ಅದಕ್ಕಿಂತ ಚಿಕ್ಕದು ಕೇಳಿದಾಗ ಇಲ್ಲವೆಂದರು. ಒಂದು ಗುಂಟೆಗೆ ಸಲಕ್ಕೆ 10 ಮಿಲಿ ಸಾಕಾಗುವವನಿಗೆ ಅದು 50 ಸಲಕ್ಕಾಗುವಷ್ಟು ವಿಷ, ಸೀಸೆಯ ಮೇಲೆ ಬರೆದ ಅವಧಿಯೋ ಎರಡೇ ವರ್ಷ. ಎಕರೆಗಟ್ಟಲೆ ಹುಲ್ಲು ಇರುವ ಸಂಸ್ಥೆಗಳಿಗೆ, ಸುತ್ತ ಹತ್ತಿ, ಮೆಣಸಿನಕಾಯಿ ಇಲ್ಲದಿದ್ದರೆ, ಇದಕ್ಕೆ ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ; ನನ್ನಂತಹವರಿಗೆ ಎರಡೇ. ಈ ವರ್ಷ ಮಳೆಯಾದ ಮೂರನೆಯ ದಿನದಿಂದ ಹಸಿ ನೆಲದಲ್ಲಿ ಕುರ್ಪಿ ಹಿಡಿದು ಕೂತೆ. ತಾಯಿಬೇರನ್ನು ಎರಡು ಬೆರಳು ಆಳಕ್ಕೆ ಕತ್ತರಿಸಿದರೆ ನೆಗ್ಗಿಲು ಮತ್ತೆ ಚಿಗುರುವುದಿಲ್ಲ. ವಾರಕ್ಕೊಮ್ಮೆ ಅರ್ಧ ತಾಸಿನಂತೆ ಐದು ವಾರದಲ್ಲಿ ಕೆಲಸ ಮುಗಿಯಿತು. ಸೀಸೆಯಲ್ಲಿ ಇನ್ನೂ ಮುಕ್ಕಾಲಿಗಿಂತ ಹೆಚ್ಚು ಉಳಿದಿದೆ, ಮಕ್ಕಳ ಕೈಗೆ ಸಿಗದಂತೆ ಬೀಗ ಹಾಕಿ ಇಟ್ಟಿದ್ದೇನೆ.